ಕದ್ದ ದುಡ್ಡಿನ ಲೆಕ್ಕ: ರಸ್ತೆ ಅಗೆದು ನೋಡಿದ ಸಂಶೋಧನೆ

ಲಂಚ ತಿಂದವರು ರಶೀದಿ ಕೊಡಲ್ಲ, ಕೇಳಿದ್ರೆ ಒಪ್ಪಿಕೊಳ್ಳೋದೂ ಇಲ್ಲ. ಹಾಗಾದರೆ ಭ್ರಷ್ಟಾಚಾರವನ್ನು ಅಳೆಯುವುದು ಹೇಗೆ? ಜನರ ಅಭಿಪ್ರಾಯ ಕೇಳಿ ಸೂಚ್ಯಂಕ ತಯಾರಿಸುವುದು ಒಂದು ದಾರಿ. ಆದರೆ ಅದು ಅಳೆಯೋದು ಅನಿಸಿಕೆಯನ್ನು, ಕಳವನ್ನಲ್ಲ.

ಅರ್ಥಶಾಸ್ತ್ರಜ್ಞ ಬೆಂಜಮಿನ್ ಓಲ್ಕನ್ ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ಬೇರೆ ದಾರಿ ಹಿಡಿದರು. ಅಲ್ಲಿ 600ಕ್ಕೂ ಹೆಚ್ಚು ಹಳ್ಳಿಗಳಲ್ಲಿ ಸರಕಾರಿ ಯೋಜನೆಯಡಿ ರಸ್ತೆ ಆಗ್ತಾ ಇತ್ತು. ಕೆಲಸ ಮುಗಿದ ಮೇಲೆ ಇಂಜಿನಿಯರುಗಳು ರಸ್ತೆಯನ್ನು ಅಲ್ಲಲ್ಲಿ ಅಗೆದು, ಮರಳು, ಜಲ್ಲಿ, ಕಲ್ಲು ಎಷ್ಟು ಬಿದ್ದಿದೆ ಎಂದು ಅಳೆದರು. ವ್ಯಾಪಾರಿಗಳಲ್ಲಿ ದರ ವಿಚಾರಿಸಿದರು, ಕೂಲಿ ಎಷ್ಟು ಸಿಕ್ಕಿತು ಅಂತ ಊರವರನ್ನು ಕೇಳಿದರು. ಪುಸ್ತಕದಲ್ಲಿ ಬರೆದ ಖರ್ಚಿನಿಂದ ಇದನ್ನು ಕಳೆದರೆ ಉಳಿಯುವುದೇ 'ಕಾಣೆಯಾದ ಹಣ'. ಪ್ರಾಮಾಣಿಕವಾಗಿ ಕಟ್ಟಿದ್ರೂ ಒಂದಷ್ಟು ಸಾಮಗ್ರಿ ಪೋಲಾಗುತ್ತದಲ್ವಾ? ಅದನ್ನು ತಿಳಿಯಲು ಸಣ್ಣ ಪರೀಕ್ಷಾ ರಸ್ತೆಗಳನ್ನೇ ಕಟ್ಟಿಸಿ ನೋಡಿದರು!

ಫಲಿತಾಂಶ ಪ್ರಕಟವಾದದ್ದು 2007ರಲ್ಲಿ. ಲೆಕ್ಕಪರಿಶೋಧನೆ ಖಂಡಿತ ನಡೆಯುತ್ತದೆ ಎಂದು ಮೊದಲೇ ತಿಳಿಸಿದ ಹಳ್ಳಿಗಳಲ್ಲಿ ಕಾಣೆಯಾದ ಹಣ ಶೇ. 28ರ ಆಸುಪಾಸಿನಿಂದ ಶೇ. 19ರ ಹತ್ತಿರಕ್ಕೆ ಇಳಿಯಿತು. ಊರ ಸಭೆಗೆ ಹೆಚ್ಚು ಜನರನ್ನು ಕರೆದ ಕಡೆ ಕೂಲಿ ಹಣದ ಕಳವು ತಗ್ಗಿತು, ಸಾಮಗ್ರಿಯದ್ದು ಹಾಗೇ ಉಳಿಯಿತು. ತನ್ನ ಕೂಲಿ ಎಷ್ಟು ಅಂತ ಎಲ್ಲರಿಗೂ ಗೊತ್ತು, ಮಣ್ಣಿನಡಿಯ ಜಲ್ಲಿ ಯಾರಿಗೆ ಕಾಣುತ್ತೆ?

ಇನ್ನೊಂದು ಸಂಗತಿಯೂ ಹೊರಬಿತ್ತು. ಲೆಕ್ಕಪರಿಶೋಧನೆಯ ಭಯವಿದ್ದ ಹಳ್ಳಿಗಳಲ್ಲಿ ರಸ್ತೆ ಕೆಲಸಕ್ಕೆ ಮುಖಂಡರ ನೆಂಟರಿಷ್ಟರೇ ಹೆಚ್ಚು ಸೇರಿಕೊಂಡಿದ್ದರು.