ಮೋಟಾರು ವಾಲ್ವಿಗೆ ಮೂರು ರಿಲೇ: ಕೊಳವೆಬಾವಿ ಸ್ಟಾರ್ಟರಿನ ತರ್ಕ ಅಕ್ವೇರಿಯಂನಲ್ಲಿ

ಸಾರಾಂಶ: ಅಕ್ವೇರಿಯಂನ ನೀರು ಹೊರಬಿಡುವ ಮೋಟಾರು ವಾಲ್ವಿಗೆ ರಿಲೇ ಸರ್ಕ್ಯೂಟ್ ರೂಪಿಸುವಾಗ ಮೊದಲು ತೀರ್ಮಾನವಾಗಬೇಕಾದದ್ದು, ಕರೆಂಟ್ ಹೋದಾಗ ಮತ್ತು ಮರಳಿದಾಗ ವಾಲ್ವ್ ಏನು ಮಾಡಬೇಕೆಂಬುದು. ಈ ಪ್ರಶ್ನೆಗೆ ಪಂಪ್‌ಸೆಟ್ ಸ್ಟಾರ್ಟರಿನಲ್ಲಿ ಅರ್ಧ ಉತ್ತರವಿದೆ.

1. ಹಿನ್ನೆಲೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಬೇಸಾಯ ಕೊಳವೆಬಾವಿಯನ್ನು ನಂಬಿದೆ. ಪಂಪಿಗೆ ತ್ರೀ ಫೇಸ್ ಕರೆಂಟ್ ಸಿಗುವುದು ಪಾಳಿಯಲ್ಲಿ, ಕೆಲವೇ ಗಂಟೆ. ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದರೆ ಕಾಂಟ್ಯಾಕ್ಟರ್ ಎಳೆದುಕೊಂಡು, ತನ್ನದೇ ಸಹಾಯಕ ಸಂಪರ್ಕದ ಮೂಲಕ ನಿಂತುಕೊಳ್ಳುತ್ತದೆ. ಕರೆಂಟ್ ಹೋದರೆ ನೋ-ವೋಲ್ಟ್ ಕಾಯಿಲ್ ಬಿಟ್ಟುಕೊಡುತ್ತದೆ. ಮರಳಿದರೂ ಮೋಟಾರು ತಾನಾಗಿ ತಿರುಗದು. ರಾತ್ರಿ ಪಾಳಿಯಲ್ಲಿ ತೋಟಕ್ಕೆ ಹೋಗುವುದು ತಪ್ಪಲೆಂದು ರೈತರು ಆಟೋ ಸ್ಟಾರ್ಟರ್ ಕೂರಿಸಿ ಈ ತಡೆಯನ್ನು ದಾಟುತ್ತಾರೆ. ಮೀನಿನ ತೊಟ್ಟಿಯಲ್ಲಿ ಆ ತಡೆ ಉಳಿಯಲೇಬೇಕು. ಅಷ್ಟೂ ಸಾಲದು: ಸಾಮಾನ್ಯ ಮೋಟಾರು ಬಾಲ್ ವಾಲ್ವ್ ಕರೆಂಟ್ ಹೋದಲ್ಲೇ ನಿಲ್ಲುವುದರಿಂದ, ಅರ್ಧ ತೆರೆದಿದ್ದರೆ ನೀರು ಸೋರುತ್ತಲೇ ಇರುತ್ತದೆ.

2. ಸರ್ಕ್ಯೂಟ್

12 ವೋಲ್ಟ್ ಡಿಸಿ ಮೋಟಾರು, ಅಡಾಪ್ಟರ್, ಡಯೋಡ್ ಹಾಗೂ ಚಾರ್ಜಿಂಗ್ ಘಟಕದ ಮೂಲಕ ತುಂಬುವ ಸಣ್ಣ ಬ್ಯಾಟರಿ, ಮೂರು ರಿಲೇಗಳು ಇದಕ್ಕೆ ಸಾಕು. ‘ಕ’ ಆಜ್ಞೆಯ ರಿಲೇ. ಇದರ ಕಾಯಿಲ್ ಡಯೋಡಿಗೂ ಮೊದಲು, ಅಡಾಪ್ಟರ್ ಕಡೆಯಲ್ಲೇ ಸೇರಬೇಕು. ಇಲ್ಲವಾದರೆ ಕರೆಂಟ್ ಹೋದದ್ದು ಅದಕ್ಕೆ ತಿಳಿಯದು. ಇದರ ಒಂದು ಸಂಪರ್ಕ ಸ್ಟಾರ್ಟರಿನಂತೆಯೇ ಕಾಯಿಲನ್ನು ಹಿಡಿದಿಡುತ್ತದೆ. ನೀರು ನಿಗದಿತ ಮಟ್ಟಕ್ಕಿಳಿದಾಗ ಸರಣಿಯಲ್ಲಿರುವ ಫ್ಲೋಟ್ ಸ್ವಿಚ್ ಅದನ್ನು ಬಿಡಿಸುತ್ತದೆ. ಎರಡನೆಯ ಸಂಪರ್ಕ ಬ್ಯಾಟರಿಯ ಧನ ತುದಿಯನ್ನು ‘ಖ’ (ತೆರೆ) ಅಥವಾ ‘ಗ’ (ಮುಚ್ಚು) ರಿಲೇಯ ಕಾಯಿಲ್‌ಗೆ ಕೊಡುತ್ತದೆ. ಎರಡಕ್ಕೂ ಒಮ್ಮೆಲೇ ಕೊಡಲಾರದು. ಆಯಾ ಲಿಮಿಟ್ ಸ್ವಿಚ್ ಆಯಾ ಕಾಯಿಲ್‌ನ ದಾರಿಯಲ್ಲಿರುತ್ತದೆ.

ಮೋಟಾರಿನ ಎರಡು ತಂತಿಗಳು ‘ಖ’, ‘ಗ’ ರಿಲೇಗಳ ಕಾಮನ್ ತುದಿಗಳಿಗೆ. ಸಹಜ ಸ್ಥಿತಿಯಲ್ಲಿ ಎರಡೂ ಋಣಕ್ಕೆ, ಎಳೆದಾಗ ಧನಕ್ಕೆ. ಹೀಗಾಗಿ ವಿಶ್ರಾಂತಿಯಲ್ಲಿ ಮೋಟಾರಿನ ತುದಿಗಳು ಕೂಡಿಕೊಂಡು ಬ್ರೇಕ್ ಬೀಳುತ್ತದೆ. ಎರಡೂ ರಿಲೇ ಎಳೆದರೂ ಶಾರ್ಟ್ ಆಗದು. ಪ್ರತಿ ಕಾಯಿಲ್‌ಗೆ ಹಿಮ್ಮುಖವಾಗಿ 1ಎನ್4007 ಡಯೋಡ್ ಬೇಕು.

ಕರೆಂಟ್ ಹೋದಾಗ ‘ಕ’ ಬಿದ್ದು, ‘ಗ’ ಬ್ಯಾಟರಿಯಿಂದ ಎಳೆದು, ವಾಲ್ವ್ ಮುಚ್ಚುತ್ತದೆ. ಮುಚ್ಚಿದೊಡನೆ ಲಿಮಿಟ್ ಸ್ವಿಚ್ ಕಾಯಿಲನ್ನು ಕಡಿಯುವುದರಿಂದ ಈ ರಿಲೇಗಳು ಬ್ಯಾಟರಿಯನ್ನು ಬರಿದು ಮಾಡವು. ಕರೆಂಟ್ ಮರಳಿದರೂ ಗುಂಡಿ ಒತ್ತದೆ ವಾಲ್ವ್ ತೆರೆಯದು.

3. ಮಿತಿಗಳು

‘ಖ’ ರಿಲೇಯ ಸಂಪರ್ಕ ಬೆಸೆದುಕೊಂಡರೆ ‘ಗ’ ಎಳೆದರೂ ಮೋಟಾರಿಗೆ ವೋಲ್ಟೇಜ್ ವ್ಯತ್ಯಾಸ ಸಿಗದೆ ವಾಲ್ವ್ ಮುಚ್ಚದು. ಕೊಳವೆಬಾವಿಯ ಗಡಸು ನೀರಿನ ಸುಣ್ಣ ವಾಲ್ವಿಗೆ ಕಟ್ಟಿಕೊಂಡರೂ ಮೋಟಾರು ಸಿಕ್ಕಿಕೊಂಡು ಹೆಚ್ಚು ಕರೆಂಟ್ ಎಳೆಯುತ್ತದೆ. ಇದಕ್ಕಾಗಿ ಫ್ಯೂಸ್ ಬೇಕು. ಆದರೆ ಫ್ಯೂಸ್ ಹೋದರೂ ವಾಲ್ವ್ ತೆರೆದೇ ಉಳಿಯಬಹುದು. ಕೊನೆಯ ರಕ್ಷಣೆ ವಿದ್ಯುತ್ತಿನದಲ್ಲ: ಕೆರೆಯ ತೂಬಿಗಿಂತ ಕೆಳಗಿನ ನೀರು ಹರಿದುಹೋಗದಂತೆ, ಹೊರಕೊಳವೆಯ ಬಾಯಿ ಮೀನಿಗೆ ಬೇಕಾದ ಕನಿಷ್ಠ ಮಟ್ಟದಲ್ಲಿರಬೇಕು. 230 ವೋಲ್ಟಿನ ಹೀಟರ್, ಫಿಲ್ಟರ್‌ಗಳಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಕಡ್ಡಾಯ.

4. ತೀರ್ಮಾನ

ಈ ಭಾಗದ ಪಂಪ್ ಮೆಕ್ಯಾನಿಕ್‌ಗೆ ‘ಕ’ ರಿಲೇಯ ವರ್ತನೆ ಹೊಸದಲ್ಲ. ‘ಗ’ ರಿಲೇ ಮತ್ತು ಬ್ಯಾಟರಿಯಷ್ಟೇ ಹೊಸ ಸೇರ್ಪಡೆ. ಮೈಕ್ರೋಕಂಟ್ರೋಲರ್, ಮೊಬೈಲ್ ಆ್ಯಪ್‌ಗಳನ್ನು ಆಮೇಲೆ ಜೋಡಿಸಬಹುದು, ಆದರೆ ಅವು ಹಸಿರು ಗುಂಡಿಯ ಜಾಗದಲ್ಲಿ ಮಾತ್ರ ಇರಬೇಕು. ಮುಚ್ಚುವ ಕೆಲಸ ಯಾವ ಪ್ರೋಗ್ರಾಮಿಗೂ ಕಾಯದೆ ನಡೆಯಬೇಕು. ವಾಲ್ವ್ ಅರ್ಧ ತೆರೆದಾಗ ಪ್ಲಗ್ ಕಿತ್ತು ನೋಡುವುದೇ ಇದಕ್ಕೆ ತಕ್ಕ ಪರೀಕ್ಷೆ.