ಸಿಗಡಿ ಬದಲಾಯ್ತು, ಅಡುಗೆನೂ ಬದಲಾಯ್ತು

ಇಲ್ಲಿ ಕೊಂಢವಾದ ಮೀನಂಗಡೀಲಿ ‘ಸಿಗಡಿ’ ಅಂದ್ರೆ ಯಾರಿಗೂ ಗೊತ್ತಾಗಲ್ಲ, ‘ಕೋಳಂಬಿ’ ಅನ್ಬೇಕು. ಅದನ್ನೇ ತುಳುವರು ಎಟ್ಟಿ ಅಂತಾರೆ, ಕುಂದಾಪುರದವರು ಚಟ್ಲಿ, ಕೊಂಕಣಿಯವರು ಸುಂಗಟ. ಸುಕ್ಕ, ಗಸಿ, ಘೀ ರೋಸ್ಟ್, ಚಟ್ನಿ, ಇದರಲ್ಲಿ ಯಾವುದು ಅಸಲಿ ಅಂತ ನಮ್ಮವರಲ್ಲಿ ಆಗಾಗ ಜಗಳ. ನನ್ನ ಪ್ರಕಾರ ಎಲ್ಲವೂ ಅಸಲಿಯೇ. ಯಾವ ಕಾಲಕ್ಕೆ ಯಾವ ಸಿಗಡಿ ಸಿಕ್ತೋ ಅದಕ್ಕೆ ತಕ್ಕ ಅಡುಗೆ ಹುಟ್ಟಿದೆ.

ಮೊದಲು ಕೆಂಪು ಮಸಾಲೆ ವಿಷಯ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ 3ನೇ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮೀನಡುಗೆ ಇದೆ, ಮೆಣಸಿನಕಾಯಿ ಇಲ್ಲ. ಇರೋಕೆ ಸಾಧ್ಯವೂ ಇಲ್ಲ, ಅದು ಪೋರ್ಚುಗೀಸರ ಜೊತೆ 16ನೇ ಶತಮಾನದಲ್ಲಿ ಬಂದದ್ದು. ಕರಾವಳೀಲಿ ಕಾಳುಮೆಣಸಿಗೆ ಇವತ್ತಿಗೂ ‘ಒಳ್ಳೆಮೆಣಸು’ ಅಂತಾರೆ ನೋಡಿ, ಹೊಸಬ ಬಂದ ಮೇಲೆ ಹಳಬನಿಗೆ ಕೊಟ್ಟ ಬಿರುದು ಅದು!

ಇನ್ನು ನನಗೆ ತುಂಬಾ ಇಷ್ಟವಾದ ಭಾಗ, ಕುಮಟಾ ಕಡೆಯ ಗಜನಿ. ಅಘನಾಶಿನಿ ನದಿ ಸಮುದ್ರ ಸೇರೋ ಕಡೆ ಉಪ್ಪುನೀರು ನುಗ್ಗೋ ಗದ್ದೆಗಳಿವು. ಮಳೆಗಾಲದಲ್ಲಿ ಉಪ್ಪು ತೊಳೆದುಹೋದಾಗ ಕಗ್ಗ ಅನ್ನೋ ಭತ್ತ ಬೆಳೀತಾರೆ. ಉಪ್ಪನ್ನೂ ನೆರೆಯನ್ನೂ ತಡೆಯೋ ತಳಿ ಅದು, ಗೊಬ್ಬರ ಕೇಳಲ್ಲ. ತೆನೆ ಕೊಯ್ದು ಹುಲ್ಲನ್ನು ಅಲ್ಲೇ ಬಿಟ್ರೆ, ಉಬ್ಬರದ ಜೊತೆ ಒಳಗೆ ಬಂದ ಸಿಗಡಿಮರಿ ಆ ಕೊಳೆತ ಹುಲ್ಲಿನ ಆಸರೆಯಲ್ಲಿ ಬೆಳೆಯುತ್ತೆ. ಇಳಿತದ ಹೊತ್ತಿಗೆ ತೂಬಿನ ಬಾಯಿಗೆ ಬಲೆ ಕಟ್ಟಿದ್ರೆ ಆಯ್ತು. ಆಗ ಸಿಗೋದು ಹೆಚ್ಚಾಗಿ ಸಣ್ಣದು. ಅಂಥದ್ದಕ್ಕೆ ಕಾಯಿ, ಮುರುಗಲ ಸಿಪ್ಪೆ ಹಾಕಿದ ಸುಕ್ಕ ಸರಿ, ಹೆಚ್ಚು ಮಸಾಲೆ ಹಾಕಿದ್ರೆ ಸಿಗಡಿ ರುಚಿಯೇ ಮುಳುಗುತ್ತೆ. ಮಿಕ್ಕಿದ್ದು ಮರಳ ಮೇಲೆ ಒಣಗುತ್ತಿತ್ತು. ದೋಣಿ ಇಳಿಯದ ಮಳೆಗಾಲಕ್ಕೆ ಅದೇ ಚಟ್ನಿ.

ದೊಡ್ಡ ಸಿಗಡಿಗೆ ಬೆಲೆ ಬಂದದ್ದು ಟ್ರಾಲರ್ ಕಾಲದಲ್ಲಿ. 1952ರ ಇಂಡೋ-ನಾರ್ವೇಜಿಯನ್ ಒಪ್ಪಂದದಿಂದ ಕೇರಳದಲ್ಲಿ ಯಂತ್ರದ ದೋಣಿಗಳು ಬಂದವು, ಆಮೇಲೆ ನಮ್ಮ ಕರಾವಳಿಗೂ. ಒಳ್ಳೇ ಸಿಗಡಿ ಐಸ್ ಪೆಟ್ಟಿಗೆ ಹತ್ತಿ ಪರದೇಶಕ್ಕೆ ಹೋಯ್ತು. ಆ ದುಡ್ಡು ನೋಡಿ ಎಷ್ಟೋ ಗಜನಿಗಳಲ್ಲಿ ಭತ್ತವೇ ನಿಂತಿತು. 1994-95ರಲ್ಲಿ ಬಿಳಿಚುಕ್ಕೆ ರೋಗ ಬಂದು ದೇಶದ ಸಿಗಡಿ ಕೊಳಗಳನ್ನು ಹಾಳುಮಾಡಿತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದ ಸಿಗಡಿ ಕೊಳಗಳನ್ನು ತೆಗೆಯಿರಿ ಅಂತು, ಸಾಂಪ್ರದಾಯಿಕ ಸಾಕಣೆ ಮಾತ್ರ ಬಿಟ್ಟು. ಅಂದ್ರೆ ಕೋರ್ಟ್ ಉಳಿಸಿದ್ದು ಗಜನಿಯಂಥ ಪದ್ಧತಿಯನ್ನೇ, ಆದ್ರೆ ಅಷ್ಟೊತ್ತಿಗೆ ಕಗ್ಗದ ಬೀಜ ಇಟ್ಕೊಂಡ ರೈತರೇ ಕಡಿಮೆಯಾಗಿದ್ರು.

2009ರಲ್ಲಿ ಅಮೆರಿಕ ಮೂಲದ ವನ್ನಾಮಿಗೆ ಅನುಮತಿ ಸಿಕ್ತು. ಇವತ್ತು ಕೊಂಢವಾಗೆ ಬರೋ ಒಂದೇ ಅಳತೆಯ ಬಿಳಿ ಸಿಗಡಿ ಬಹುಪಾಲು ಅದೇ, ಸಾಕಿದ್ದು. ಇದಕ್ಕೆ ಘೀ ರೋಸ್ಟ್ ಚೆನ್ನಾಗಿ ಹೊಂದುತ್ತೆ. ಕುಂದಾಪುರದಲ್ಲಿ ಕೋಳಿಗೆ ಅಂತ ಹುಟ್ಟಿದ ಅಡುಗೆ, ಆಮೇಲೆ ಸಿಗಡಿಗೆ ಬಂತು. ಬ್ಯಾಡಗಿ ಮೆಣಸಿನ ಮಸಾಲೆ ತುಪ್ಪದಲ್ಲಿ ಪೂರ್ತಿ ಹುರಿದಾದ ಮೇಲೇ ಸಿಗಡಿ ಹಾಕಿ, ಮೂರ್ನಾಲ್ಕು ನಿಮಿಷ ಸಾಕು, ಇಲ್ಲಾಂದ್ರೆ ರಬ್ಬರ್.

ಸುಕ್ಕ ಮಾಡೋದಾದ್ರೆ ಅಂಗಡೀಲಿ ಇರೋದ್ರಲ್ಲೇ ಸಣ್ಣದು ಕೇಳಿ ತಗೊಳ್ಳಿ. ಮುರುಗಲ ಸಿಪ್ಪೆ ಇಲ್ಲಿನ ಕಿರಾಣಿ ಅಂಗಡೀಲಿ ‘ಆಮಸೂಲ’ ಅಂದ್ರೆ ಸಿಗುತ್ತೆ. ಕಗ್ಗದ ಅಕ್ಕಿ ಮಾತ್ರ ಊರಿಗೆ ಹೋದಾಗ ಕುಮಟಾದಲ್ಲೇ ವಿಚಾರಿಸಬೇಕು.