ಎಣ್ಣೆ ಸೋರುವ ಟ್ರ್ಯಾಕ್ಟರೂ ಕೃಷ್ಣಾತೀರದ ದುರಸ್ತಿಯ ಪರಂಪರೆಯೂ

ಕೃಷ್ಣೆಯ ದಡದ ಎರೆಭೂಮಿಯಲ್ಲಿ, ಉಗಾರ ಬುದ್ರುಕದಂತಹ ಕಬ್ಬಿನ ಊರುಗಳಲ್ಲಿ, ಹಂಗಾಮು ಮುಗಿದು ಗಾಣ ನಿಂತ ಬಳಿಕ ಹಳೆಯ ಟ್ರ್ಯಾಕ್ಟರುಳ್ಳ ರೈತನೆದುರು ವರ್ಷವರ್ಷವೂ ಬಂದು ನಿಲ್ಲುವ ಪ್ರಶ್ನೆಯೊಂದಿದೆ: ಮೈಯೆಲ್ಲ ಜಿಡ್ಡು ಹಿಡಿದು, ನಿಂತಲ್ಲಿ ನೆಲವನ್ನು ಕಪ್ಪಾಗಿಸುವ ಈ ಯಂತ್ರವನ್ನು ಬಿಚ್ಚಿಸಿ ಕಟ್ಟಿಸಬೇಕೋ, ಬಂದ ಬೆಲೆಗೆ ಕೊಟ್ಟುಬಿಡಬೇಕೋ? ಇದನ್ನು ಕೇವಲ ಹಣದ ಲೆಕ್ಕವೆಂದು ಬಗೆಯುವವರು ಈ ಸೀಮೆಯ ಒಕ್ಕಲುತನದ ಚರಿತ್ರೆಯನ್ನು ಮರೆತವರೆಂದೇ ನನ್ನ ಭಾವನೆ. ಏಕೆಂದರೆ ಉಪಕರಣವನ್ನು ಉಳಿಸಿಕೊಳ್ಳುವ ನಿರ್ಧಾರವು, ಅದನ್ನು ಬಲ್ಲ ಕೈ ಎಷ್ಟು ಸಮೀಪದಲ್ಲಿದೆ ಎಂಬುದನ್ನೇ ಇಲ್ಲಿ ಅವಲಂಬಿಸಿ ಬಂದಿದೆ.

ಮರದ ನೇಗಿಲಿನ ಕಾಲದಲ್ಲಿ ಈ ಪ್ರಶ್ನೆ ಹುಟ್ಟುವಂತೆಯೇ ಇರಲಿಲ್ಲ. ಬಡಿಗನೂ ಕಂಬಾರನೂ ಊರಿನ ಆಯಗಾರರಾಗಿದ್ದು, ಸುಗ್ಗಿಯಲ್ಲಿ ಕಣದಿಂದಲೇ ತಮ್ಮ ಪಾಲಿನ ಕಾಳನ್ನು ಪಡೆದು, ವರ್ಷವಿಡೀ ಕುಳ ಹಣಿದು, ಕೂರಿಗೆಯನ್ನು ಸರಿಪಡಿಸಿ ಕೊಡುತ್ತಿದ್ದುದರಿಂದ, ಒಂದೊಂದು ದುರಸ್ತಿಗೂ ಬೇರೆಬೇರೆ ಬೆಲೆಯೆಂಬುದಿರಲಿಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1903ರಲ್ಲಿ ಕಬ್ಬಿಣದ ನೇಗಿಲನ್ನು ಹೊರತಂದಾಗ, ಲೋಹವು ಭೂಮಿಗೆ ವಿಷವಾದೀತೆಂದು ರೈತರು ಅಂಜಿದ ಸಂಗತಿ ಪ್ರಸಿದ್ಧವಾದುದು. 1910ರಲ್ಲಿ ಔಂಧ ಸಂಸ್ಥಾನದ ಆಶ್ರಯದಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿದ ಮೇಲೆ ಆ ಅಂಜಿಕೆ ಕ್ರಮೇಣ ಅಳಿಯಿತು. ಆದರೆ ಎರಕದ ಕುಳವನ್ನು ಕಂಬಾರನ ಕುಲುಮೆಯಲ್ಲಿ ಹಣಿಯುವಂತಿರಲಿಲ್ಲ. ಸವೆದರೆ ಬದಲಿ ಕುಳವು ಕಾರ್ಖಾನೆಯಿಂದಲೇ ಬರಬೇಕಾಗಿತ್ತು. ದುರಸ್ತಿಯು ಊರಿನ ಗಡಿಯನ್ನು ದಾಟಿದ್ದು ಅಂದು.

1939ರಲ್ಲಿ ನೆರೆಯ ಉಗಾರ ಖುರ್ದದ ಸಕ್ಕರೆ ಕಾರ್ಖಾನೆ ಸ್ಥಾಪಿತವಾಗಿ, ಕಬ್ಬು ಈ ಸೀಮೆಯ ಮುಖ್ಯ ಬೆಳೆಯಾಗುತ್ತ ಬಂದಂತೆ, ಎತ್ತಿನ ಗಾಡಿಗಳ ಸಾಲಿನೊಡನೆ ಟ್ರ್ಯಾಕ್ಟರಿನ ಟ್ರೇಲರುಗಳೂ ಸೇರಿಕೊಂಡವು. ಫರೀದಾಬಾದಿನಲ್ಲಿ 1959ರಲ್ಲಿ ಐಷರ್ ಕಂಪನಿಯು ಟ್ರ್ಯಾಕ್ಟರ್ ತಯಾರಿಕೆಯನ್ನು ಆರಂಭಿಸಿತು. 1971ರಲ್ಲಿ ಬೆಂಗಳೂರಿನ ಎಚ್‌ಎಂಟಿಯು ಪಿಂಜೋರಿನಲ್ಲಿ, ಚೆಕೊಸ್ಲೊವಾಕಿಯಾದ ಜೆಟಾರ್ ತಂತ್ರಜ್ಞಾನದಿಂದ, 25 ಅಶ್ವಶಕ್ತಿಯ ಟ್ರ್ಯಾಕ್ಟರುಗಳನ್ನು ತಯಾರಿಸತೊಡಗಿತು. ಕಂಬಾರನ ಸ್ಥಾನಕ್ಕೆ ಮಿಸ್ತ್ರಿ ಬಂದನು.

ಆ ಮಿಸ್ತ್ರಿಯ ವಿವೇಚನೆಯನ್ನು ನೋಡಿಯೇ ತಿಳಿಯಬೇಕು. ಇಂಜಿನ್ನನ್ನು ಡೀಸೆಲ್ಲಿನಿಂದ ತೊಳೆದು, ಬಟ್ಟೆಯಿಂದ ಒರೆಸಿ, ಚಾಲೂ ಮಾಡಿ, ಎಣ್ಣೆಯ ಮೊದಲ ಹನಿ ಎಲ್ಲಿ ಮೂಡುವುದೆಂದು ಆತನು ಕಾಯುತ್ತಾನೆ. ಟ್ಯಾಪೆಟ್ ಕವರಿನಲ್ಲಿ ಮೂಡಿದರೆ ಪ್ಯಾಕಿಂಗ್ ಬದಲಿಸಿದರಾಯಿತು. ಕ್ರ್ಯಾಂಕಿನ ಹಿಂಬದಿಯ ಸೀಲಿನಲ್ಲಿ ಮೂಡಿದರೆ ಟ್ರ್ಯಾಕ್ಟರನ್ನೇ ನಡುವೆ ಬಿಡಿಸಿ, ಇಂಜಿನ್ನನ್ನು ಗೇರ್‌ಬಾಕ್ಸಿನಿಂದ ಬೇರ್ಪಡಿಸಬೇಕು; ಬಿಟ್ಟರೆ ಎಣ್ಣೆ ಕ್ಲಚ್ಚಿಗಿಳಿದು, ಭಾರ ಹೊತ್ತ ಟ್ರೇಲರು ಏರಿನಲ್ಲಿ ನಿಂತೀತು. ಅಚ್ಚಿನ ಸೀಲಿನಿಂದ ಎಣ್ಣೆ ಬ್ರೇಕಿಗೆ ತಗಲುವುದಂತೂ ಪ್ರಾಣಾಪಾಯವೇ ಸರಿ. ಬಳಿಕ ಬ್ರೀದರಿನ ಮುಂದೆ ಅಂಗೈ ಹಿಡಿಯುತ್ತಾನೆ. ಬ್ರೀದರು ಕಟ್ಟಿಕೊಂಡಿರದೆಯೂ ಅಲ್ಲಿ ಹೊಗೆ ರಭಸದಿಂದ ತಾಗಿತೆಂದರೆ, ರಿಂಗುಗಳೂ ಲೈನರುಗಳೂ ಸವೆದು, ಉರಿದ ಅನಿಲವು ಪಿಸ್ಟನ್ನಿನ ಪಕ್ಕದಿಂದ ಚೇಂಬರಿಗಿಳಿದು, ಅದರ ಒತ್ತಡವೇ ಎಣ್ಣೆಯನ್ನು ಸೀಲುಗಳಿಂದ ಹೊರದಬ್ಬುತ್ತಿದೆಯೆಂದು ಅರ್ಥ.

“ಅಣ್ಣಾರ, ಸೀಲ ಹಾಕಿ ಕೊಡ್ತೀನಿ, ಆದ್ರ ಹೊಗಿ ಹಿಂಗ ಬರಾಕತ್ತಿದ್ರ ಮತ್ತ ಸೋರ್ತೈತಿ,” ಎಂದು ಆತನು ಹೇಳುವ ಮಾತಿನಲ್ಲಿ ತನಗೆ ಬರಬಹುದಾದ ಕೂಲಿಯನ್ನು ಬದಿಗಿಟ್ಟು ಯಂತ್ರದ ಹಿತವನ್ನು ನುಡಿಯುವ ಪ್ರಾಮಾಣಿಕತೆಯುಂಟು. ಕಣದ ಕಾಳನ್ನುಂಡ ಕಂಬಾರನ ಹೊಣೆಗಾರಿಕೆಯೇ ಇವನಲ್ಲಿ ಮುಂದುವರಿದಿದೆಯೆಂದು ನಾನು ನಂಬುತ್ತೇನೆ.

2016ರಲ್ಲಿ ಕೇಂದ್ರ ಸರಕಾರವು ಎಚ್‌ಎಂಟಿಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ನಿರ್ಧರಿಸಿದ ಮೇಲೆ ಆ ಯಂತ್ರಗಳ ಒಡೆಯರಿಗೆ ಈ ಪ್ರಶ್ನೆ ಇನ್ನಷ್ಟು ಕಠಿಣವಾಗಿದೆ. ಕೆಟ್ಟು ನಿಂತ ಒಂದರ ಭಾಗ ಇನ್ನೊಂದಕ್ಕೆ ಆಸರೆಯಾಗಬೇಕಾದ ಸ್ಥಿತಿ. ಆದರೂ ಬ್ಲಾಕ್ ಒಡೆಯದೆ, ಕ್ರ್ಯಾಂಕ್ ಇನ್ನೊಂದು ಸಲ ಸಾಣೆಗೆ ಒದಗುವಂತಿದ್ದರೆ, ಅರೆಬರೆ ಸೀಲು ಬದಲಿಸದೆ ಇಂಜಿನ್ನನ್ನು ಪೂರ್ಣವಾಗಿ ಕಟ್ಟಿಸುವುದೇ ಲೇಸು. ಅದಕ್ಕೆ ಶಕ್ತಿಯಿಲ್ಲದವರು ಟ್ರ್ಯಾಕ್ಟರನ್ನು ಟ್ರೇಲರಿನಿಂದ ಬಿಡಿಸಿ, ಹೊಲದ ಹಗುರ ಕೆಲಸಕ್ಕಷ್ಟೇ ಇಟ್ಟುಕೊಳ್ಳಬಹುದು. ಏನೇ ಆದರೂ ಮಳೆಗಾಲದೊಳಗೆ ತೀರ್ಮಾನಿಸಬೇಕು; ಕಟಾವು ಆರಂಭವಾಯಿತೆಂದರೆ ಯಾವ ಮಿಸ್ತ್ರಿಯ ಕೈಯೂ ಬಿಡುವಾಗಿರುವುದಿಲ್ಲ.